ಏಳನೇ ಗುಂಡಿ

ಜೂನ್ 27

ಇವತ್ತಿನಿಂದ ತೋಮುಜ್, ಕಡುಬೇಸಿಗೆ. ಇನ್ನು ನಲವತ್ತು ದಿನ ತುರ್ಪಾನಿನಲ್ಲಿ ಬುದ್ಧಿ ಇರುವವರು ಹನ್ನೊಂದು ಗಂಟೆಯ ಮೇಲೆ ಹೊರಗೆ ತಲೆ ಹಾಕುವುದಿಲ್ಲ. ನನ್ನ ಕೆಲಸ ಶುರುವಾಗುವುದೇ ಆಮೇಲೆ.

ಮಧ್ಯಾಹ್ನ ಎರಡಕ್ಕೆ ನೆರಳಿನಲ್ಲಿ ನಲವತ್ತಮೂರು ಡಿಗ್ರಿ. ಮರಳಿನ ಮೇಲ್ಭಾಗ ಎಪ್ಪತ್ತೊಂದು, ಒಂದು ಗೇಣು ಕೆಳಗೆ ಐವತ್ತೆರಡು. ಇನ್ನೆರಡು ದಿನ ಕಾದರೆ ಹದ.

ಈ ವರ್ಷವೂ ಗಂಡಸರ ಸಾಲಿಗೆ ಉಸ್ತಾ ನಾನೇ. ಹನ್ನೆರಡು ಗುಂಡಿ. ಹೆಂಗಸರ ಸಾಲು ದಿಬ್ಬದ ಆಚೆ. ನಡುವೆ ಚಹಾದ ಗುಡಾರ, ಅದು ನನ್ನ ಹೆಂಡತಿ ಆಯ್‌ಶೆಮ್‌ಳ ರಾಜ್ಯ. ಕೀಲುನೋವಿನವರು ನಾಲ್ಕೂ ದಿಕ್ಕಿನಿಂದ ಬರುತ್ತಾರೆ. ಮಂಡಿನೋವಿಗೆ ಸೊಂಟದವರೆಗೆ, ಬೆನ್ನುನೋವಿಗೆ ಹೊಟ್ಟೆಯವರೆಗೆ ಬಿಸಿ ಮರಳಿನಲ್ಲಿ ಹೂಳುತ್ತೇನೆ. ಎದೆಯ ಮೇಲೆ ಒಂದು ಹಿಡಿ ಮರಳು ಕೂಡ ಹಾಕುವುದಿಲ್ಲ. ತಲೆಗೆ ನೆರಳು, ಕೈಗೆ ಬಿಸಿ ಚಹಾ. ಒಂದು ಸಲಕ್ಕೆ ಮುಕ್ಕಾಲು ಗಂಟೆ, ಅಷ್ಟೇ.

ಹದಿನೈದು ನಿಮಿಷಕ್ಕೊಮ್ಮೆ ಸುತ್ತು ಹಾಕಿ ಎಲ್ಲರನ್ನೂ ಮಾತಾಡಿಸಬೇಕು. ಮಾತಾಡಿಸುವುದೆಂದರೆ ಹೇಗಿದ್ದೀರಿ ಎಂದು ಕೇಳುವುದಲ್ಲ. ಅದಕ್ಕೆ ಸಾಯುತ್ತಿರುವವನೂ ಚೆನ್ನಾಗಿದ್ದೀನಿ ಎನ್ನುತ್ತಾನೆ. ಮೊಮ್ಮಕ್ಕಳ ಹೆಸರನ್ನು ದೊಡ್ಡವರಿಂದ ಚಿಕ್ಕವರವರೆಗೆ ಹೇಳಿಸಬೇಕು. ಒಂದು ಹೆಸರು ಬಿಟ್ಟುಹೋದರೆ, ಒಂದೇ ಮಗು ಎರಡು ಸಲ ಬಂದರೆ, ಬಿಸಿ ತಲೆಗೇರಿದೆ ಎಂದರ್ಥ, ತಕ್ಷಣ ಎತ್ತಬೇಕು. ಎತ್ತಿದ ಮೇಲೆ ಕಂಬಳಿ ಹೊದಿಸಿ ಗಾಳಿ ತಾಗದಂತೆ ಕೂರಿಸಬೇಕು. ತಣ್ಣೀರನ್ನು ಮುಟ್ಟಿಸಲೇಬಾರದು, ಕೈ ತೊಳೆಯಲೂ ಕೊಡಬಾರದು. ಬಿಸಿ ತುಂಬಿದ ಮೂಳೆಯೊಳಗೆ ತಂಪು ಹೊಕ್ಕರೆ ಜನ್ಮದಲ್ಲಿ ಹೊರಡುವುದಿಲ್ಲ.

ಇಪ್ಪತ್ತೆರಡು ತೋಮುಜ್ ಹೀಗೇ ಕಳೆದಿದ್ದೇನೆ. ಒಬ್ಬರನ್ನೂ ಕಳೆದುಕೊಂಡಿಲ್ಲ.

ಜುಲೈ 2

ನೆರಳು 44. ಮರಳು 74.

ಏಳನೇ ಗುಂಡಿಗೆ ಹೊಸಬರು ಬಂದರು. ವಯಸ್ಸು ಅರವತ್ತೆಂಟು. ಎರಡೂ ಮಂಡಿ ಊದಿವೆ, ಊರುಗೋಲು ಹಿಡಿದು ನಡೆಯುತ್ತಾರೆ. ನಿವೃತ್ತ ಲೆಕ್ಕದ ಮೇಷ್ಟ್ರು. ಹೆಸರು ಸೆಮೆತ್. ನನ್ನ ಒಡಹುಟ್ಟಿದವನು.

ಕರೆದುಕೊಂಡು ಬಂದವಳು ಅವನ ಮಗಳು ರೆಯಿಹಾನ್. ನನ್ನನ್ನು ಪಕ್ಕಕ್ಕೆ ಕರೆದಳು.

"ಚಿಕ್ಕಪ್ಪ, ಅಪ್ಪ ಎರಡು ವರ್ಷದಿಂದ ಅಮ್ಮನ ಗೋರಿ ಹತ್ರ ಮಂಡಿಯೂರಿ ಕೂತಿಲ್ಲ. ನಿಂತೇ ದುವಾ ಮಾಡಿ ಬರ್ತಾರೆ. ಮನೇಗೆ ಬಂದು ಮಾತಾಡಲ್ಲ, ಊಟ ಮಾಡಲ್ಲ. ಈ ಸಲ ಅಮ್ಮ ಹೋದ ದಿನಕ್ಕಾದ್ರೂ ಕೂರಬೇಕು ಅಂತಾರೆ. ನಿಮ್ಮ ಮರಳಷ್ಟು ನುಣುಪು ಬೇರೆ ಕಡೆ ಇಲ್ಲ, ಅದಕ್ಕೆ ಬಲವಂತ ಮಾಡಿ ಕರ್ಕೊಂಡು ಬಂದೆ."

"ಗುಂಡಿ ಖಾಲಿ ಇದೆ. ಯಾರು ಬಂದ್ರೂ ಹೂಳ್ತೀನಿ," ಅಂದೆ.

ಎಂಟು ವರ್ಷದಿಂದ ಅವನನ್ನು ನಾನು ಆಕಾ ಎಂದು ಕರೆದಿಲ್ಲ. ಯಾವ ಅಣ್ಣ, ಯಾವ ಆಕಾ? ಮೆಶ್ರೆಪ್ ಕೂಟದಲ್ಲಿ ನಲವತ್ತು ಗಂಡಸರ ನಡುವೆ ಗೇಲಿಯ ಸರದಿ ಬಂದಾಗ ಎದ್ದು ನಿಂತು ಹೇಳಿದ್ದ: "ನಮ್ಮ ಹೋಶುರನ ತಲೆಗೆ ಮಗ್ಗಿ ಹತ್ತಲಿಲ್ಲ, ಗುಂಡಿ ತೋಡೋದು ಕಲಿತ. ಗೋರಿ ತೋಡೋರಿಗಾದ್ರೂ ಜನ ಸಾಯೋವರೆಗೆ ಕಾಯೋ ತಾಳ್ಮೆ ಇರುತ್ತೆ. ಇವನಿಗೆ ಅದೂ ಇಲ್ಲ." ಕೂಟ ಬಿದ್ದು ಬಿದ್ದು ನಕ್ಕಿತು. ನಾನು ಎದ್ದು ಬಂದೆ. ಕೂಟದ ನಡುವೆ ಎದ್ದುಹೋದದ್ದಕ್ಕೆ ದಂಡವಾಗಿ ಎಲ್ಲರಿಗೂ ಊಟ ಹಾಕಬೇಕು ಎಂದರು. ಹಾಕಲಿಲ್ಲ.

ಇವತ್ತು ಅದೇ ಗುಂಡಿಗೆ ಸೊಂಟದವರೆಗೆ ಇಳಿದಿದ್ದಾನೆ. ನಾನು ಹೇಳುವುದೇನಿದೆ, ನೋಡಿದವರಿಗೆಲ್ಲ ಕಾಣುತ್ತದೆ.

ಜುಲೈ 3

ನೆರಳು 44. ಮರಳು 75.

ಒಂದು ತೊಡಕು ಬಂದಿದೆ. ಏಳನೇ ಗುಂಡಿ ನನ್ನ ಜೊತೆ ಮಾತಾಡುವುದಿಲ್ಲ, ನಾನೂ ಏಳನೇ ಗುಂಡಿಯ ಜೊತೆ ಮಾತಾಡುವುದಿಲ್ಲ. ಆದರೆ ಮಾತಾಡಿಸದೆ ಯಾರನ್ನೂ ಮರಳಿನಲ್ಲಿ ಬಿಡುವಂತಿಲ್ಲ. ಪುಣ್ಯಕ್ಕೆ ಎಂಟರಲ್ಲಿ ಗುಲ್ಜಾದ ಹಮುತ್ ಇದ್ದಾನೆ. ಮೂವತ್ತು ವರ್ಷ ಲಾರಿ ಓಡಿಸಿ ಸೊಂಟ ಹಾಳುಮಾಡಿಕೊಂಡವನು. ಗುಲ್ಜಾದವರನ್ನು ಎಲ್ಲಿಯವರೆಗೆ ಹೂತರೂ ಬಾಯಿ ಮಾತ್ರ ಮುಚ್ಚುವುದಿಲ್ಲ.

"ಹಮುತ್, ನಿಮ್ಮ ಪಕ್ಕದವರಿಗೆ ಚಹಾ ಕುಡಿಯೋಕೆ ಹೇಳಿ," ಅಂದೆ.

"ಮೇಷ್ಟ್ರೇ, ಚಹಾ ಕುಡೀಬೇಕಂತೆ."

"ಕುಡಿದೆ ಅಂತ ಹೇಳಪ್ಪ."

"ಉಸ್ತಾ, ಕುಡಿದ್ರಂತೆ."

"ಎಷ್ಟು ಬಟ್ಟಲು ಕೇಳಿ."

ಹಮುತ್ ಇಬ್ಬರ ಮುಖವನ್ನೂ ನೋಡಿದ. "ಅಲ್ರಯ್ಯಾ, ನಿಮ್ಮಿಬ್ಬರ ಮಧ್ಯೆ ಇರೋದು ಎರಡು ಮಾರು. ನಾನು ಅಷ್ಟು ದೂರದಿಂದ ಸೊಂಟ ಸರಿಮಾಡ್ಕೊಳ್ಳೋಕೆ ಬಂದ್ರೆ ನನ್ನನ್ನ ಟೆಲಿಫೋನ್ ತಂತಿ ಮಾಡಿಬಿಟ್ರಲ್ಲ!"

ಹೊಸಬರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ರಕ್ತದೊತ್ತಡ, ಎದೆನೋವು, ದಿನವೂ ನುಂಗುವ ಮಾತ್ರೆ. ಇದ್ದರೆ ಮರಳಿಗೆ ಇಳಿಸುವುದಿಲ್ಲ. ನಿನ್ನೆ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಹಮುತ್‌ಗೆ ಹೇಳಿದೆ. ಅವನು ಅದನ್ನು ತನ್ನ ಅಳತೆಗೆ ಕತ್ತರಿಸಿ ದಾಟಿಸಿದ.

"ಮೇಷ್ಟ್ರೇ, ಹೃದಯ ಹೇಗಿದೆ ಅಂತ ಕೇಳ್ತಿದ್ದಾರೆ."

"ನನ್ನದು ಇದ್ದಲ್ಲೇ ಇದೆ. ಕೇಳಿದವನಿಗೆ ಅಂಥದ್ದೊಂದು ಇದೆಯಾ ವಿಚಾರಿಸು."

ಸಾಲಿಗೆ ಸಾಲೇ ನಕ್ಕಿತು. ನಾನು ಮುಂದಿನ ಗುಂಡಿಗೆ ಹೋದೆ.

ಜುಲೈ 5

ಬಿಸಿಗಾಳಿ. ನೆರಳಿನಲ್ಲೇ 47. ಮರಳು ಎಂಬತ್ತು ದಾಟಿತು. ಎಲ್ಲರನ್ನೂ ವಾಪಸ್ ಕಳಿಸಿದೆ. ಇಂಥ ದಿನ ಹಠ ಮಾಡುವುದು ಮೂರ್ಖತನ. ಬಾಗಿಲು ಕಿಟಕಿ ಮುಚ್ಚಿ, ಚಾಪೆ ಒದ್ದೆ ಮಾಡಿ, ನೆಲಮಾಳಿಗೆಯಲ್ಲಿ ಮಲಗಿದ್ದೆವು. ಆಯ್‌ಶೆಮ್ ಕಲ್ಲಂಗಡಿ ಕೊಯ್ದಳು. ಊರಿನಲ್ಲಿ ನಾಯಿ ಕೂಡ ಬೊಗಳಲಿಲ್ಲ.

ಏಳನೇ ಗುಂಡಿ ಒಂಟಿಯಾಗಿ ಹಳೆಯ ಮನೆಯಲ್ಲೇ ಇದೆಯಂತೆ, ರೆಯಿಹಾನ್ ಬೆಳಿಗ್ಗೆ ಸಂಜೆ ಬಂದು ಹೋಗುತ್ತಾಳೆ. ಆ ಮನೆಯ ನೆಲಮಾಳಿಗೆಯ ಮೆಟ್ಟಿಲು ಬಹಳ ಕಡಿದು. ಮಂಡಿ ಇಲ್ಲದವರು ಇಳಿಯುವುದು ಕಷ್ಟ. ಇದು ನನಗೆ ಸಂಬಂಧಿಸಿದ್ದಲ್ಲ.

ಜುಲೈ 6

ನೆರಳು 44. ಮರಳು 75.

ಮೊಮ್ಮಕ್ಕಳ ಹೆಸರು ಹೇಳಿಸಿ ಎಂದು ಹಮುತ್‌ಗೆ ಹೇಳಿದೆ. ರೆಯಿಹಾನ್‌ಗೆ ಒಬ್ಬಳೇ ಮಗಳು. ಏಳನೇ ಗುಂಡಿ ಒಂದು ಹೆಸರು ಹೇಳಿ ಸುಮ್ಮನಾಯಿತು. ಒಂದು ಹೆಸರಿನಿಂದ ತಲೆ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ?

"ಇನ್ನೇನಾದ್ರೂ ಉದ್ದದ್ದು ಹೇಳ್ಬೇಕಂತೆ, ಮೇಷ್ಟ್ರೇ. ತಲೆ ನೆಟ್ಟಗಿದೆಯಾ ನೋಡೋಕೆ."

"ಹಾಗಾದ್ರೆ ಹದಿನೇಳರ ಮಗ್ಗಿ ಹೇಳ್ತೀನಿ. ನಾನು ತಪ್ಪಿದ್ರೂ ನಿಮ್ಮ ಉಸ್ತಾಗೆ ಗೊತ್ತಾಗಲ್ಲ, ಅದೊಂದೇ ತೊಂದರೆ."

ಹೇಳಿದ. ಗಂಟಲು ಸರಿಯಿತ್ತು, ಎಲ್ಲೂ ತಡವರಿಸಲಿಲ್ಲ. ಸರಿಯಾಗಿ ಹೇಳಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ಅದು ನಿಜ. ಹಮುತ್‌ನ ಮುಖ ನೋಡಿದೆ. ಅವನಿಗೂ ಗೊತ್ತಿರಲಿಲ್ಲ.

ಜುಲೈ 8

ನೆರಳು 45. ಮರಳು 77. ಒಂದನೇ ಗುಂಡಿಯವರು ಹತ್ತು ಮೊಮ್ಮಕ್ಕಳಲ್ಲಿ ಒಂದನ್ನು ಎರಡು ಸಲ ಹೇಳಿದರು. ಎತ್ತಿದೆವು. ಸಂಜೆಗೆ ಸರಿಹೋದರು. ಹನ್ನೊಂದೇ ಮೊಮ್ಮಕ್ಕಳು, ನೀವೇ ತಪ್ಪು ಎಂದು ಜಗಳ ಬೇರೆ.

ಆಯ್‌ಶೆಮ್ ಏಳನೇ ಗುಂಡಿಗೆ ಚಹಾದ ಜೊತೆ ನಾನ್ ಕೂಡ ಕೊಡುತ್ತಿದ್ದಾಳೆ. ಬೇರೆ ಯಾರಿಗೂ ಕೊಡುವುದಿಲ್ಲ. ಯಾಕೆ ಎಂದು ಕೇಳಿದೆ.

"ಪಾತೆಮ್ ಇದ್ದಿದ್ರೆ ಬುತ್ತಿ ಕಟ್ಟಿ ಕಳಿಸ್ತಿದ್ರು. ಈಗ ಯಾರಿದ್ದಾರೆ?" ಅಂದಳು. ಆಮೇಲೆ "ನೀವು ಅವತ್ತು ಹೋಗ್ಬೇಕಿತ್ತು" ಅಂತಲೂ ಅಂದಳು.

ಅತ್ತಿಗೆ ಪಾತೆಮ್ ತೀರಿಕೊಂಡು ಈ ತೋಮುಜ್‌ಗೆ ಆರು ವರ್ಷ. ಅದೂ ಇಂಥದೇ ಬಿಸಿಲು. ಸುದ್ದಿ ನನಗೆ ತಡವಾಗಿ ಬಂತು. ಹನ್ನೆರಡು ಗುಂಡಿಯಲ್ಲಿ ಹನ್ನೆರಡು ಜನ ಇದ್ದರು, ಬಿಟ್ಟು ಹೋಗುವುದು ಹೇಗೆ? ಮಾರನೆಯ ಬೆಳಿಗ್ಗೆಯೇ ಮಣ್ಣು ಮಾಡಿದರು. ಆಮೇಲೆ ಹೋಗಿ ಏನು ಮಾಡುವುದು ಎಂದು ಸುಮ್ಮನಿದ್ದೆ. ಇದನ್ನು ಆಯ್‌ಶೆಮ್‌ಗೆ ನೂರು ಸಲ ಹೇಳಿದ್ದೇನೆ.

ಜುಲೈ 9

ಹದಿನೇಳು, ಮೂವತ್ನಾಲ್ಕು, ಐವತ್ತೊಂದು, ಅರವತ್ತೆಂಟು, ಎಂಬತ್ತೈದು, ನೂರ ಎರಡು, ನೂರ ಹತ್ತೊಂಬತ್ತು, ನೂರ ಮೂವತ್ತಾರು, ನೂರ ಐವತ್ತಮೂರು, ನೂರ ಎಪ್ಪತ್ತು.

ಬೆಳಿಗ್ಗೆ ಮರಳು ಜರಡಿ ಹಿಡಿಯುವಾಗ ಬಾಯಿಪಾಠ ಮಾಡಿದೆ. ಕೆಲಸಕ್ಕೆ ಬೇಕಾಗುತ್ತದೆ.

ಜುಲೈ 10

ನೆರಳು 44. ಮರಳು 76.

ಮೇಷ್ಟ್ರು ಮಗ್ಗಿ ಹೇಳುತ್ತ ನೂರ ಎರಡು ಆದ ಮೇಲೆ ನೂರ ಒಂಬತ್ತು ಅಂದ.

"ಹಮುತ್, ನೂರ ಹತ್ತೊಂಬತ್ತು ಅಂತ ಹೇಳಿ," ಅಂದೆ.

ಹಮುತ್ ಹೇಳಬೇಕಾಗಿ ಬರಲಿಲ್ಲ. ಮೇಷ್ಟ್ರು ಮುಖದ ಮೇಲಿನ ಟೋಪಿ ಸರಿಸಿ ನನ್ನ ಕಡೆ ನೋಡಿದ. ಎಂಟು ವರ್ಷದ ಮೇಲೆ ಮೊದಲ ಸಲ ನೆಟ್ಟಗೆ ನೋಡಿದ್ದು. ಆಮೇಲೆ ಹಮುತ್ ಕಡೆ ತಿರುಗಿ, "ಅವನಿಗೆ ಯಾರು ಹೇಳಿಕೊಟ್ರು ಕೇಳು" ಅಂದ.

"ಅವರೇ ಕಲಿತಿರಬೇಕು."

"ಅರವತ್ತೊಂದು ವರ್ಷಕ್ಕೆ. ಪರವಾಗಿಲ್ಲ, ಬೇಗನೇ ಕಲಿತ ಅಂತ ಹೇಳು."

ಎಲ್ಲರೂ ನಕ್ಕರು. ನನಗೂ ನಗು ಬಂತು, ತಿರುಗಿ ನಿಂತೆ. ಬೇಕೆಂದೇ ತಪ್ಪು ಹೇಳಿದನೋ, ಬಿಸಿಗೆ ತಪ್ಪಿತೋ? ಹತ್ತು ನಿಮಿಷ ಮೊದಲೇ ಎತ್ತಿದೆ. ಏನೂ ಆಗದವನ ಹಾಗೆ ಎದ್ದು ಕೂತ. ನನ್ನನ್ನು ಪರೀಕ್ಷಿಸಲು ಹೇಳಿದ್ದೇ ಇರಬೇಕು. ಚಿಕ್ಕಂದಿನಲ್ಲೂ ಹೀಗೇ ಮಾಡುತ್ತಿದ್ದ. ನನಗೆ ಅಕ್ಷರ ಕಲಿಸಿದ್ದು ಅವನೇ, ದ್ರಾಕ್ಷಿ ಒಣಗಿಸುವ ಮನೆಯ ಮಣ್ಣುಗೋಡೆಯ ಮೇಲೆ ಇದ್ದಿಲಿನಿಂದ. ಬೇಕೆಂದೇ ಒಂದು ಅಕ್ಷರ ತಪ್ಪಾಗಿ ಬರೆದು ನಾನು ಹಿಡಿಯುತ್ತೇನೋ ಎಂದು ಕಾಯುತ್ತಿದ್ದ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ.

ಊತ ಸ್ವಲ್ಪ ಇಳಿದಿದೆ. ಬಲ ಮಂಡಿ ಎಡಕ್ಕಿಂತ ವಾಸಿ.

ಜುಲೈ 12

ನೆರಳು 45. ಮರಳು 77.

ಹಮುತ್‌ನ ಮರಳಿನ ದಿನಗಳು ಮುಗಿದವು. ಸೊಂಟ ನೆಟ್ಟಗೆ ಮಾಡಿಕೊಂಡು ಊರಿಗೆ ಹೊರಟ. ಹೋಗುವಾಗ ಎಲ್ಲರಿಗೂ ಖರಬೂಜ ಹಂಚಿ ಏಳು ಮತ್ತು ಎಂಟರ ನಡುವೆ ನಿಂತು ಭಾಷಣ ಮಾಡಿದ.

"ನಾಳೆಯಿಂದ ತಂತಿ ಕಟ್. ಇಬ್ಬರಿಗೂ ದೇವರು ಬಾಯಿ ಅಂತ ಒಂದು ಕೊಟ್ಟಿದ್ದಾನೆ, ಬಳಸ್ರಪ್ಪಾ. ಬಳಸದೇ ಇದ್ರೆ ಬಿಲ ಅಂದ್ಕೊಂಡು ಹಲ್ಲಿ ಸೇರ್ಕೊಳ್ಳುತ್ತೆ!"

ಮೇಷ್ಟ್ರು ಆಕಾಶ ನೋಡಿದ. ನಾನು ಸಲಿಕೆ ನೋಡಿದೆ. ಎಂಟನೇ ಗುಂಡಿಗೆ ಯಾರೂ ಬಂದಿಲ್ಲ.

ಜುಲೈ 13

ಅಳತೆ ತೆಗೆದುಕೊಂಡಿಲ್ಲ.

ಜುಲೈ 14

ನಿನ್ನೆಯದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಎರಡು ಗಂಟೆಗೆ ಹೂತೆ. ಮೊದಲ ಸುತ್ತಿನಲ್ಲಿ ಏಳನೇ ಗುಂಡಿಯ ಹತ್ತಿರ ನಿಂತು, ಯಾರಿಗೂ ಅಲ್ಲದ ಹಾಗೆ, "ಇಲ್ಲಿ ಎಲ್ಲ ಸರಿ ಇದೆಯಾ?" ಎಂದು ಕೇಳಿದೆ. ಟೋಪಿ ಮುಖದ ಮೇಲಿತ್ತು. ಒಂದು ಬೆರಳು ಎತ್ತಿದ. ಮಗ್ಗಿ ಹೇಳಿಸಬೇಕಿತ್ತು. ಹೇಳಿಸಲು ಮಾತಾಡಬೇಕಿತ್ತು. ಬೆರಳು ಎತ್ತಿದನಲ್ಲ, ಸಾಕು ಎಂದು ಮುಂದೆ ಹೋದೆ.

ಎರಡನೇ ಸುತ್ತಿನಲ್ಲೂ ಅದನ್ನೇ ಕೇಳಿದೆ. ಬೆರಳು ಅಲುಗಿತು ಅಂದುಕೊಂಡೆ. ಚಹಾದ ಬಟ್ಟಲು ತುಂಬಿದ್ದದ್ದು ತುಂಬಿದ ಹಾಗೇ ಇತ್ತು. ಕೋಪ ಮಾಡಿಕೊಂಡಿದ್ದಾನೆ, ನಾನೇ ಮೊದಲು ಸೋಲಲಿ ಎಂದು ಕೂತಿದ್ದಾನೆ ಅಂದುಕೊಂಡೆ. ಕೂತಿರಲಿ, ಅಂದುಕೊಂಡೆ.

ಮೂರನೇ ಸುತ್ತಿಗೆ ಬಂದಾಗ ಬೆರಳಿಲ್ಲ. ಕತ್ತಿನ ಮೇಲೆ ನೊಣ ಕೂತಿತ್ತು. ಮರಳಿನಲ್ಲಿರುವವರ ಕತ್ತು ಬೆವರಿನಿಂದ ಹರಿಯುತ್ತಿರುತ್ತದೆ. ಇವನದು ಒಣಗಿತ್ತು. ಟೋಪಿ ತೆಗೆದೆ. ಮುಖ ಇಟ್ಟಿಗೆಯ ಬಣ್ಣ. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು.

"ಆಕಾ!" ಅಂದೆ. "ಆಕಾ, ಕಣ್ಣು ಬಿಡಿ. ಆಕಾ!"

ಬಿಡಲಿಲ್ಲ. ಸಲಿಕೆ ಹುಡುಕಲಿಲ್ಲ, ಕೈಯಿಂದಲೇ ತೋಡಿದೆ. ಆರನೇ ಗುಂಡಿಯವರೂ ಒಂಬತ್ತನೆಯವರೂ ತಾವೇ ಎದ್ದು ಬಂದು ಕಾಲು ಹಿಡಿದರು. ನೆರಳಿಗೆ ಹಾಕಿದೆವು. ಅವರು ಎಂದಿನ ಅಭ್ಯಾಸದಂತೆ ಕಂಬಳಿ ತಂದರು.

ಮೂರು ವರ್ಷದ ಹಿಂದೆ ಪಟ್ಟಣದಿಂದ ಒಬ್ಬ ಡಾಕ್ಟರಮ್ಮ ಬಂದು ಮರಳಿನ ಕೆಲಸದವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: ಬಿಸಿಲು ಹೊಡೆದು ಎಚ್ಚರ ತಪ್ಪಿದವನಿಗೆ ಬಾಯಿಗೆ ಏನೂ ಹಾಕಬೇಡಿ, ಮೈಯೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಎದುರಿಗೆ ತಲೆಯಾಡಿಸಿ ಅವರು ಹೋದ ಮೇಲೆ ನಕ್ಕಿದ್ದೆವು. ಮರಳಿನ ಬಿಸಿ ಇವರಿಗೇನು ಗೊತ್ತು ಎಂದು ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

"ಆಯ್‌ಶೆಮ್, ಕಾರೀಜಿನ ನೀರು ತಾ!" ಎಂದು ಕೂಗಿದೆ. ಕಾರೀಜಿನ ನೀರು ಬೆಟ್ಟದ ಹಿಮ ಕರಗಿ ನೆಲದಡಿಯ ಸುರಂಗದಲ್ಲಿ ಬರುವಂಥದ್ದು, ತೋಮುಜ್‌ನಲ್ಲೂ ಹಲ್ಲು ಜುಮ್ಮೆನ್ನುತ್ತದೆ. ಗುಡಾರದ ಹಿಂದೆ ಆರು ಬಿಂದಿಗೆ ತುಂಬಿಟ್ಟಿದ್ದಳು.

"ಮರಳಿಂದ ಎದ್ದವರ ಮೈಗೆ ತಣ್ಣೀರಾ?" ಅಂದಳು. ಬಿಂದಿಗೆ ಕೈಯಲ್ಲಿತ್ತು, ಕೊಡಲಿಲ್ಲ.

"ಹುಚ್ಚೇನೋ ನಿನಗೆ? ಕಾಲು ಹೋಗುತ್ತೆ ಮೇಷ್ಟ್ರದ್ದು! ಜನ್ಮದಲ್ಲಿ ನಡೆಯಲ್ಲ!" ಎಂದು ಒಂಬತ್ತನೆಯವರು ನನ್ನ ತೋಳು ಹಿಡಿದುಕೊಂಡರು.

"ಕಾಲು ಹೋಗ್ಲಿ," ಅಂದೆ. "ಮನುಷ್ಯ ಇರ್ಲಿ."

ಬಿಂದಿಗೆ ಕಿತ್ತುಕೊಂಡು ತಲೆಯಿಂದ ಪಾದದವರೆಗೆ ಸುರಿದೆ. ಮಂಡಿಯ ಮೇಲೆ ಬೀಳುವಾಗ ಕಣ್ಣು ಮುಚ್ಚಿಕೊಂಡೆ. ಹನ್ನೊಂದು ದಿನ ಕೂತು ಆ ಮಂಡಿಯೊಳಗೆ ಬಿಸಿ ತುಂಬಿಸಿದವನು ನಾನೇ. ಮೂರನೇ ಬಿಂದಿಗೆಯ ಹೊತ್ತಿಗೆ ಆಯ್‌ಶೆಮ್ ತಾನೇ ಸುರಿಯತೊಡಗಿದ್ದಳು. ಒಂಬತ್ತನೆಯವರು ಬಯ್ಯುತ್ತಲೇ ಕಂಬಳಿಯಿಂದ ಗಾಳಿ ಹಾಕಿದರು. ದ್ರಾಕ್ಷಿ ಸಾಗಿಸುವ ಗಾಡಿ ಸಿಕ್ಕಿತು. ಪಟ್ಟಣದವರೆಗೂ ನೀರು ಚಿಮುಕಿಸುತ್ತ, ಬೀಸುತ್ತ, ಕರೆಯುತ್ತ ಹೋದೆ. ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ.

ಆಸ್ಪತ್ರೆಯಲ್ಲಿ ಅವನ ಕೋಟಿನ ಜೇಬಿನಲ್ಲಿ ಮಾತ್ರೆ ಸಿಕ್ಕವು. ರಕ್ತದೊತ್ತಡಕ್ಕೆ ಒಂದು, ಮೈಯ ನೀರು ಇಳಿಸಲು ಒಂದು. ಮೈಯ ನೀರು ಇಳಿಸುವ ಮಾತ್ರೆ ನುಂಗಿ ನನ್ನ ಮರಳಿಗೆ ಇಳಿಯುತ್ತಿದ್ದ. ರೆಯಿಹಾನ್‌ಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಚಿಕ್ಕಪ್ಪ ಹೂಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದನಂತೆ. ಅವಳು ಗೋಡೆಗೆ ಒರಗಿ ಅತ್ತಳು. ಅವಳನ್ನು ಬಯ್ಯಲು ನನಗೆ ಮುಖವಿರಲಿಲ್ಲ. ಇಪ್ಪತ್ತೆರಡು ವರ್ಷ ಎಲ್ಲರಿಗೂ ಕೇಳಿದ ಪ್ರಶ್ನೆಯನ್ನು ಸ್ವಂತ ಅಣ್ಣನಿಗೆ ಕೇಳಲಿಲ್ಲ.

ಬದುಕಿದ್ದಾನೆ. ರಾತ್ರಿಯೆಲ್ಲ ಏನೇನೋ ಬಡಬಡಿಸಿದ. ಇವತ್ತು ಮಧ್ಯಾಹ್ನ ನೀರು ಕೇಳಿದ.

ಜುಲೈ 16

ಗುಂಡಿಗಳನ್ನು ಮುಚ್ಚಿದ್ದೇನೆ. ಬಂದವರನ್ನು ಹೆಂಗಸರ ಸಾಲಿನ ಆಚೆ ಬೇರೊಬ್ಬ ಉಸ್ತಾನ ಬಳಿಗೆ ಕಳಿಸಿದೆ.

ಅಣ್ಣನಿಗೆ ಇವತ್ತು ಮಾತು ಸ್ಪಷ್ಟವಾಗಿದೆ. ನಾನು ಹೋದಾಗ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ನಾನು ಸ್ಟೂಲಿನ ಮೇಲೆ ಕೂತೆ. ನಡುವೆ ಹಮುತ್ ಇರಲಿಲ್ಲ.

"ಎರಡನೇ ಸಲ ನೀನು ಬಂದಾಗಲೇ ಕಣ್ಣಿಗೆ ಕತ್ತಲೆ ಬರ್ತಿತ್ತು," ಅಂದ. "ಹೇಳೋಣ ಅಂದ್ಕೊಂಡೆ. ಇವನು ಒಂದ್ಸಲ ಆಕಾ ಅಂತ ಕರೀಲಿ, ಆಮೇಲೆ ಹೇಳ್ತೀನಿ ಅಂತ ಕಾದೆ."

"ಕರೆದೆ."

"ಯಾವಾಗ?"

"ಮೂರನೇ ಸಲ. ಆಮೇಲೆ ದಾರಿಯುದ್ದಕ್ಕೂ."

ಕಿಟಕಿಯಿಂದ ನನ್ನ ಕಡೆ ತಿರುಗಿದ. "ನನಗೆ ಕೇಳಿಸಲಿಲ್ಲ ಕಣೋ," ಅಂದ.

ಮತ್ತೆ ಕರೆಯೋಣವೆಂದು ಬಾಯಿ ತೆರೆದೆ. ಆಗಲಿಲ್ಲ. ಹೊರಗೆ ಬಂದು ಮೋರೆ ತೊಳೆದುಕೊಂಡೆ.

ಜುಲೈ 18

ಅಣ್ಣನನ್ನು ಮನೆಗೆ ಕಳಿಸಿದರು. ಇನ್ನು ಮರಳಿನ ಸುದ್ದಿಗೇ ಹೋಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಮಂಡಿ ಮತ್ತೆ ಊದಿವೆ. ತಣ್ಣೀರು ಹೊಕ್ಕಿತು ಎಂದು ಊರೆಲ್ಲ ಹೇಳುತ್ತಿದೆ. ಇಷ್ಟು ದಿನ ಹಾಸಿಗೆ ಹಿಡಿದದ್ದಕ್ಕೆ ಎಂದು ಡಾಕ್ಟರು ಹೇಳುತ್ತಾರೆ. ಯಾವುದು ನಿಜವಾದರೂ ಪಾತೆಮ್ ಅತ್ತಿಗೆಯ ದಿನಕ್ಕೆ ಅವನು ಗೋರಿಯ ಬಳಿ ಕೂರಲಾರ.

ಜುಲೈ 20

ಎಂಟನೆಯ ತಾರೀಖಿನದರಲ್ಲಿ ತಪ್ಪು ಬರೆದಿದ್ದೇನೆ. ಸುದ್ದಿ ತಡವಾಗಿ ಬಂದಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೇ ಬಂದಿತ್ತು. ಇನ್ನೂ ಒಬ್ಬರನ್ನೂ ಹೂತಿರಲಿಲ್ಲ. ಅತ್ತಿಗೆಗೆ ಇನ್ನೂ ಜೀವ ಇದೆ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಹೇಳಿ ಕಳಿಸಿದ್ದರು.

ಜುಲೈ 22

ಇವತ್ತು ಅತ್ತಿಗೆ ತೀರಿಕೊಂಡ ದಿನ.

ಹನ್ನೆರಡು ಗಂಟೆಗೆ ಆಯ್‌ಶೆಮ್ ಹತ್ತಿರ ಬಿಳಿ ಬಟ್ಟೆ ಕೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಮೂರು ಮೊಳ ಹರಿದು ಕೊಟ್ಟಳು, ಒಂಬತ್ತು ನಾನ್ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಸಾವಿನ ಮನೆಗೆ ಹೋಗುವವರ ಹಾಗೆ ಸೊಂಟಕ್ಕೆ ಬಿಳಿ ಬಟ್ಟೆ ಬಿಗಿದು ಹೊರಟೆ.

"ಸಂಜೆ ಹೋಗಬಾರದಾ? ನಲವತ್ತೈದು ಇದೆ," ಅಂದಳು.

"ಅವತ್ತೂ ಅಷ್ಟೇ ಇತ್ತು," ಅಂದೆ. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡೆ, ಸೋರೆಬುರುಡೆಯ ತುಂಬ ಚಹಾ ತೆಗೆದುಕೊಂಡೆ. ಗೋಡೆಯ ನೆರಳು ಹಿಡಿದು ನಡೆದೆ.

ಬೀದಿ ಖಾಲಿಯೇ ಇತ್ತು, ಆದರೂ ಹಿಪ್ಪುನೇರಳೆ ಮರದಡಿ ಮಂಚದ ಮೇಲೆ ಮಲಗಿದ್ದ ಮುದುಕರು ಎದ್ದು ಕೂತರು.

"ಹೋಶುರ್, ಯಾರಪ್ಪಾ ತೀರ್ಕೊಂಡಿದ್ದು?"

"ನಮ್ಮ ಅತ್ತಿಗೆ."

"ಅಯ್ಯೋ ದೇವರೇ, ಯಾವಾಗ?"

"ಆರು ವರ್ಷ ಆಯ್ತು."

ಒಬ್ಬರು ಬಿಸಿಲು ಹೊಡೆದಿರಬೇಕು ಎಂದು ನೀರು ಕೊಡಲು ಬಂದರು. ಇನ್ನೊಬ್ಬರು ಅವರ ತೋಳು ಹಿಡಿದು ಕೂರಿಸಿ, "ಹೋಗಲಿ ಬಿಡು, ಹೋಗಲಿ" ಅಂದರು.

ಅಣ್ಣ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮಲಗಿದ್ದ. ರೆಯಿಹಾನ್ ಬಾಗಿಲು ತೆರೆದು ನನ್ನ ಸೊಂಟ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಳು ಬಾರದಿದ್ದರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಹೆದರಿದ್ದೆ. ಹೊಸ್ತಿಲ ಬಳಿ ನಿಂತು, ಎಲ್ಲರೂ ಮಾಡುವ ಹಾಗೆ, "ವಾಯ್ ಅತ್ತಿಗೇ" ಅಂದೆ, ಅಷ್ಟೇ. ಆಮೇಲೆ ಅಳು ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

ಅಣ್ಣ ಎದ್ದು ಕೂತು ನನ್ನನ್ನೇ ನೋಡಿದ. ಬಯ್ಯುತ್ತಾನೆ, ಇಲ್ಲವೇ ನಗುತ್ತಾನೆ ಅಂದುಕೊಂಡೆ. ಅವನು ಮಗಳ ಕಡೆ ತಿರುಗಿದ.

"ನನಗೂ ಒಂದು ಬಿಳಿ ಬಟ್ಟೆ ಕೊಡಮ್ಮ."

ಕೊಟ್ಟಳು. ಸೊಂಟಕ್ಕೆ ಕಟ್ಟಿಕೊಂಡ. ಊರುಗೋಲನ್ನು ಬಿಟ್ಟು, ಚಪ್ಪರದ ಕಂಬ ಹಿಡಿದು ಎದ್ದು, ಬಾಗಿಲವರೆಗೂ ನಡೆದು ಬಂದ. ಸಾವಿನ ಮನೆಯ ಯಜಮಾನ ನಿಲ್ಲುವ ಜಾಗದಲ್ಲಿ ನಿಂತು ನನ್ನನ್ನು ತಬ್ಬಿಕೊಂಡ. ಕಾಲು ನಡುಗುತ್ತಿದ್ದವು. ಕೂತುಕೊಳ್ಳಿ ಆಕಾ, ಅಂದೆ. ಕೂರಲಿಲ್ಲ. ಬಿಸಿಲು ಇಬ್ಬರ ಮೇಲೂ ಬೀಳುತ್ತಿತ್ತು. ಕೊನೆಗೆ ರೆಯಿಹಾನ್ ಇಬ್ಬರನ್ನೂ ಗದರಿ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಆ ಕಡಿದಾದ ಮೆಟ್ಟಿಲ ಮೇಲೆ ಅವನನ್ನು ಬೆನ್ನಿನ ಮೇಲೆ ಹೊತ್ತು ಇಳಿಸಿದೆ.

ತಂಪಿನಲ್ಲಿ ಸ್ವಲ್ಪ ಹೊತ್ತು ಕೂತ ಮೇಲೆ, ಮಾತಾಡಿಸಲು ಬಂದವರು ಕೇಳುವುದನ್ನು ನಾನೂ ಕೇಳಿದೆ. "ಕೊನೆಗಾಲ ಹೇಗಿತ್ತು?"

ಮನೆಯವರು ಹೇಳುವ ಹಾಗೆ ಅವನು ಮೊದಲಿನಿಂದ ಹೇಳಿದ. ಬೆಳಿಗ್ಗೆ ಉಸಿರು ಹಿಡಿದದ್ದು, ಒಂದು ತುಂಡು ಖರಬೂಜ ತಿಂದದ್ದು, ಮಗಳ ಜಡೆ ಹೆಣೆದದ್ದು.

"ಮಧ್ಯಾಹ್ನ, ಹೋಶುರ್ ಬಂದ್ನಾ ಅಂದ್ಲು. ಬರ್ತಿದ್ದಾನೆ ಅಂದೆ. ಮೂರು ಗಂಟೆಗೆ ಮತ್ತೆ ಕೇಳಿದ್ಲು. ಹೊರಟಿದ್ದಾನಂತೆ, ಬಿಸಿಲು ಇಳೀಲಿ ಅಂತ ದಾರೀಲಿ ಎಲ್ಲೋ ನೆರಳಲ್ಲಿ ಕೂತಿದ್ದಾನೆ ಅಂತ ಹೇಳಿದೆ."

"ಅದಕ್ಕೆ ಏನಂದ್ರು?"

"ಕೂತಿರ್ಲಿ ಪಾಪ, ಈ ಬಿಸಿಲಲ್ಲಿ ಬರೋದು ಬೇಡ ಅಂದ್ಲು."

ಸಂಜೆಯವರೆಗೂ ಅಲ್ಲೇ ಇದ್ದೆ.